ವರ್ಷಕ್ಕೊಂದು ತಾರೀಖಿನ ಹುಟ್ಟುಹಬ್ಬ

ಐನಾಪುರದ ಭರಮು ಸಾಹೇಬರ ಕಿರಿಯ ಮಗಳು ಕೋಮಲಳ ಹುಟ್ಟುಹಬ್ಬ ಒಂದು ವರ್ಷ ಮಾರ್ಚಿನ ಕೊನೆಗೆ ಬಂದರೆ ಮರುವರ್ಷ ಏಪ್ರಿಲ್ ನಡುವಿಗೆ ಬರುತ್ತಿತ್ತು. ಬರುವುದು ಮಾತ್ರ ಭಾನುವಾರವೇ. ಹೀಗೆ ಶಿಸ್ತಾಗಿ ವಾರ ಹಿಡಿದು ಹುಟ್ಟುವ ಹುಡುಗಿ ಇಡೀ ಕಾಗವಾಡ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ. ಓಣಿಯ ಜನ ಕೇಕು ತಿಂದು, ಹುಡುಗಿಗೆ ನೂರು ವರ್ಷ ಆಯುಷ್ಯ ಹರಸಿ, ತಟ್ಟೆ ತೊಳೆದು ವಾಪಸು ಕಳಿಸುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಪಕ್ಕದ ಮನೆಯ ಸಿದರಾಯ ಮಾತ್ರ ಒಮ್ಮೆ, ಎಮ್ಮೆಯ ಮೈ ತಿಕ್ಕುತ್ತ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಹೇಳಿದ್ದ: “ಈ ವರ್ಷ ಹುಡುಗಿ ಹುಟ್ಟೂದು ಭಾಳ ತಡಾ ಆತಲ್ರಿ ಸಾಹೇಬ್ರ. ನಾವು ಗಾಬರಿ ಆಗಿದ್ವಿ.”

ಭರಮು ಅದನ್ನು ಹಾಸ್ಯವೆಂದು ತಿಳಿಯಲಿಲ್ಲ. ನೆರೆಯವರ ಕಾಳಜಿಯೆಂದು ತಿಳಿದು ತಲೆದೂಗಿದ.

ಸಾಹೇಬ ಎಂಬುದು ಸರ್ಕಾರ ಕೊಟ್ಟದ್ದಲ್ಲ. ಸರ್ಕಾರ ಅವನನ್ನು ನೀರಾವರಿ ಕಚೇರಿಯಲ್ಲಿ ಗುಮಾಸ್ತನನ್ನಾಗಿ ಕೂರಿಸಿ ಮರೆತುಬಿಟ್ಟಿತ್ತು. ಉಳಿದ ಬಡ್ತಿಗಳನ್ನೆಲ್ಲ ಭರಮು ತನಗೆ ತಾನೇ ಕೊಟ್ಟುಕೊಂಡಿದ್ದ. ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಫೈಲು, ನಡಿಗೆಯಲ್ಲಿ ಅಣೆಕಟ್ಟಿನ ನೀರನ್ನೆಲ್ಲ ತಾನೇ ಬಿಡುವವನ ಗತ್ತು. ಗ್ಯಾಸ್ ಮುಗಿಯಿತೆಂದು ಹೆಂಡತಿ ಶೇವಂತಾ ಹೇಳಿದರೆ ‘ವಿಷಯ ಗಮನಕ್ಕೆ ಬಂದಿದೆ’ ಎಂದು ಉತ್ತರಿಸುವಂಥ ಮನುಷ್ಯ. ಬದುಕಿನಲ್ಲಿ ನೀನು ಮಾಡಿದ ಅತ್ಯುತ್ತಮ ಆಡಳಿತ ಯಾವುದೆಂದು ಯಾರಾದರೂ ಕೇಳಿದ್ದರೆ ಅವನು ಕೋಮಲಳ ಹುಟ್ಟುಹಬ್ಬದ ಕಡೆಗೇ ಬೆರಳು ತೋರಿಸುತ್ತಿದ್ದ. ಆದರೆ ತೋರಿಸುವಂತಿರಲಿಲ್ಲ. ಅದು ಹುಟ್ಟುಹಬ್ಬವಾಗಿರದೆ ಈಸ್ಟರ್ ಆಗಿತ್ತು.

ಹಬ್ಬ ಅವನ ತಾಯಿ ಹೊಳೆವ್ವನದು. ಹರೆಯದಲ್ಲಿ ಅವಳು ಮಿರಜಿನಲ್ಲಿ ಮಿಶನ್ ಆಸ್ಪತ್ರೆಯ ನರ್ಸುಗಳು ಇರುವ ಮನೆಯ ಕಸಮುಸುರೆ ಮಾಡಿಕೊಂಡಿದ್ದವಳು. ಅಲ್ಲಿಂದ ಊರಿಗೆ ಬರುವಾಗ ಯೇಸುವನ್ನೂ ಕೇಕನ್ನೂ ಒಟ್ಟಿಗೇ ತಂದಳು. ಗಂಡ ಮಾಳೇಶ ಕೇಕು ತಿಂದ, ಯೇಸುವನ್ನು ಹೆಂಡತಿಗೆ ಬಿಟ್ಟ. ಅವಳೊಬ್ಬಳೇ ದೀಕ್ಷಾಸ್ನಾನ ಮಾಡಿಸಿಕೊಂಡಳು. ಓದು ಬಾರದು, ಆದ್ದರಿಂದ ಕೇಳಿದ್ದೆಲ್ಲ ಬಾಯಲ್ಲೇ ಇತ್ತು. ಹಬ್ಬದ ವಾರ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಹೇಳುವಳು. ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಯೂದನ ಮೇಲೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಆಸೆಬುರುಕರು ಎಲ್ಲ ಊರಲ್ಲೂ ಇರುತ್ತಾರೆ. ಸಿಟ್ಟೆಲ್ಲ ಇನ್ನೊಬ್ಬ ಶಿಷ್ಯ ಪೇತ್ರನ ಮೇಲೆ. ಜೊತೆಗೆ ಉಂಡು, ಜೊತೆಗೆ ಮಲಗಿ, ಹುಂಜ ಕೂಗುವುದರೊಳಗೆ ‘ಆ ಮನುಷ್ಯ ನನಗೆ ಗೊತ್ತಿಲ್ಲ’ ಎಂದವನು ಅವನು. ಆ ಜಾಗಕ್ಕೆ ಬಂದಾಗ ಅವಳ ದನಿ ಏರುತ್ತಿತ್ತು, ಪೇತ್ರ ಪಕ್ಕದ ಓಣಿಯವನೇ ಎಂಬಂತೆ.

ಶನಿವಾರ ಮಧ್ಯಾಹ್ನ ಕೇಕು. ಮನೆಯಲ್ಲಿ ಓವನ್ ಇಲ್ಲ. ಹಳೆಯ ದೊಡ್ಡ ಕುಕ್ಕರಿನ ಸೀಟಿ ತೆಗೆದಿಟ್ಟು, ತಳಕ್ಕೆ ಹೊಳೆಯ ಉಸುಕು ಹರವಿ ಕಾಯಿಸಿ, ಅದರ ಮೇಲೆ ಹಿಟ್ಟಿನ ಡಬ್ಬಿ ಕೂರಿಸಿ ಸಣ್ಣ ಉರಿಯಲ್ಲಿ ಬೇಯಿಸುವುದು. ಕೋಮಲ ಮೈದಾ ಜರಡಿ ಹಿಡಿಯಬೇಕು. ಅವಳ ತಮ್ಮ ವಿಕ್ರಾಂತ ತತ್ತಿ ಒಡೆಯಬೇಕು, ಆಮೇಲೆ ಅದರಲ್ಲಿ ಬಿದ್ದ ಸಿಪ್ಪೆ ಹುಡುಕಬೇಕು. ಹಿಟ್ಟಿನ ಮೇಲೆ ಕೆಂಪು ಟೂಟಿಫ್ರೂಟಿಯನ್ನು ಕ್ರೂಸಿನ ಆಕಾರದಲ್ಲಿ ಜೋಡಿಸುವ ಹಕ್ಕು ಮೊದಲು ಹಿರಿಯ ಮಗಳು ಉಜ್ವಲಾಳದಾಗಿತ್ತು, ಈಗ ಕೋಮಲಳಿಗೆ ಇಳಿದಿತ್ತು. ಭಾನುವಾರ ಬೆಳಕು ಹರಿಯುವ ಮೊದಲು ಮೇಣದಬತ್ತಿ ಹಚ್ಚಿ ಹೊಳೆವ್ವ ‘ಯೇಸು ಎದ್ದಾನ’ ಎನ್ನುವಳು. ಮಕ್ಕಳು ‘ಖರೇನ ಎದ್ದಾನ’ ಎನ್ನಬೇಕು. ಆಮೇಲೆ ಕೇಕು ಕೊಯ್ದು ಓಣಿಗೆ ಹಂಚುವುದು. ಸತ್ತವನು ಎದ್ದು ಬಂದ ಸುದ್ದಿಯನ್ನು ಬಾಗಿಲು ಹಾಕಿಕೊಂಡು ತಿಂದರೆ ಅದೆಂಥ ಹಬ್ಬ ಎಂಬುದು ಅವಳ ವಾದ.

ಭರಮುವಿಗೆ ತೊಂದರೆ ಇದ್ದದ್ದು ಈ ಹಂಚುವುದರಲ್ಲೇ. ಅವನ ನೌಕರಿ ಪರಿಶಿಷ್ಟ ಜಾತಿಯ ಮೀಸಲಿನಲ್ಲಿ ಬಂದದ್ದು, ಕ್ರೈಸ್ತನಾದವನಿಗೆ ಆ ಮೀಸಲು ಇಲ್ಲ. ಅವನಾಗಲಿ ಮಕ್ಕಳಾಗಲಿ ದೀಕ್ಷೆ ಪಡೆದವರಲ್ಲ. ಯೇಸುವಿನ ಮನೆಯ ಒಳಗೂ ಹೋಗದೆ, ಅಂಗಳವನ್ನೂ ಬಿಡದೆ, ಹೊಸ್ತಿಲ ಮೇಲೆ ನಿಂತೇ ಅರ್ಧ ಆಯುಷ್ಯ ಕಳೆದಿದ್ದ. ಆದರೆ ಹೊಸ್ತಿಲ ಮೇಲೆ ನಿಂತವನು ಎರಡೂ ಕಡೆಯವರಿಗೆ ಕಾಣುತ್ತಾನೆ. ಅದಕ್ಕೇ ಅವನು ತಾಯಿಯ ಹಬ್ಬಕ್ಕೆ ಮಗಳ ಹುಟ್ಟುಹಬ್ಬದ ಅಂಗಿ ತೊಡಿಸಿದ. ಯೇಸುವಿನ ಪಟವನ್ನು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ. ತಿಂಗಳಿಗೊಮ್ಮೆ ಕಾಗವಾಡದಿಂದ ಹೊಳೆವ್ವನಿಗಾಗಿ ಬರುತ್ತಿದ್ದ ಪಾಸ್ಟರ್ ಸಂಜಯನನ್ನು ವಿಮೆ ಏಜೆಂಟನ ಚೀಲ ಹಿಡಿದುಕೊಂಡೇ ಬರಬೇಕೆಂದು ಒಪ್ಪಿಸಿದ. ಕೋಮಲ ನಿಜವಾಗಿ ಹುಟ್ಟಿದ್ದು ಶ್ರಾವಣದಲ್ಲಿ. ವರ್ಷಕ್ಕೆ ಎರಡು ಸಲ ಹುಟ್ಟಿದರೆ ಜನಕ್ಕೆ ಅನುಮಾನ ಬಂದೀತೆಂದು ಆ ದಿನ ಅವಳಿಗೆ ಬಾಗಿಲು ಹಾಕಿ ಒಂದು ಪೇಡೆ ಕೊಡುತ್ತಿದ್ದರು.

ಎಲ್ಲ ಸುಸೂತ್ರವಾಗಿ ನಡೆದಿತ್ತು, ಕಳೆದ ವರ್ಷ ಉಜ್ವಲಾ ಶಾಲಾ ಶಿಕ್ಷಕಿಯಾಗಿ ಆಯ್ಕೆಯಾಗುವವರೆಗೆ.

ಅವಳದೂ ಮೀಸಲಿನ ಜಾಗ. ಆದೇಶ ಕೈಗೆ ಬರಬೇಕಾದರೆ ಜಾತಿಯ ವಿಚಾರಣೆ ಮುಗಿಯಬೇಕು. ಅದಕ್ಕೊಬ್ಬ ಅಧಿಕಾರಿ ಮನೆಗೇ ಬರುತ್ತಾನೆ, ದೇವರು ದಿಂಡರು ಕೇಳುತ್ತಾನೆ, ನೆರೆಹೊರೆಯವರನ್ನು ವಿಚಾರಿಸುತ್ತಾನೆ. ಈ ಮನೆಯ ಬಗ್ಗೆ ಯಾರೋ ಮೇಲೆ ಬಾಯಿ ಬಿಟ್ಟಿದ್ದಾರೆಂಬ ಗಾಳಿಮಾತೂ ಕಚೇರಿಯಲ್ಲಿ ಭರಮುವಿನ ಕಿವಿಗೆ ಬಿತ್ತು. ಹುಡುಗಿ ರಾಯಬಾಗದ ಬಸ್ಸಿಗೆ ಜೋತುಬಿದ್ದು ಕಲಿತವಳು. ಈ ನೌಕರಿ ಹೋದರೆ ಅವಳ ವಯಸ್ಸಿಗೆ ಇನ್ನೊಂದು ಬರುವ ನಂಬಿಕೆ ಇರಲಿಲ್ಲ.

ಹೊಳೆವ್ವ ಆ ಚಳಿಗಾಲದಿಂದ ದಮ್ಮು ಹತ್ತಿ ಹಾಸಿಗೆ ಹಿಡಿದಿದ್ದಳು. ಯೇಸು ಸತ್ತ ಶುಕ್ರವಾರದ ದಿನ, ಅವಳು ಉಪವಾಸವಿದ್ದಾಗ, ಭರಮು ಬಾಗಿಲು ಹಾಕಿ ಬಂದು ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತ. ಸಭೆಯಲ್ಲಿ ಮಾತಾಡುವವನಂತೆ ಹಿನ್ನೆಲೆ, ಪ್ರಸ್ತಾವನೆ ಎಲ್ಲ ಹೇಳಿ ಮುಗಿಸಿ ವಿಷಯಕ್ಕೆ ಬಂದ. “ನಿನಗೇನ ಸುಳ್ಳ ಹೇಳ ಅನ್ನಂಗಿಲ್ಲ ಬೇ. ಮನಿದೇವರು ಯಾವುದು ಅಂದ್ರ ಚಿಂಚಲಿ ಮಾಯಕ್ಕ ಅನ್ನು. ಅಪ್ಪನ ಮನಿದೇವರು ಮಾಯಕ್ಕ ಹೌದಿಲ್ಲೊ? ಮತ್ತ ಸುಳ್ಳ ಎಲ್ಲಿ ಆತು?”

ಈ ಕಾನೂನಿನ ಸೂಕ್ಷ್ಮಕ್ಕೆ ಅವನಿಗೇ ತನ್ನ ಬಗ್ಗೆ ಮೆಚ್ಚುಗೆಯಾಯಿತು.

“ಇಂದ ಎಂಥಾ ದಿವಸ ಐತಿ ಗೊತ್ತಿಲ್ಲೇನ ನಿನಗ,” ಎಂದಳು ಹೊಳೆವ್ವ. “ಇಂದ ಬ್ಯಾಡ ಭರಮೂ ಈ ಮಾತು.”

ಈ ವರ್ಷ ಕೇಕು ಬೇಡವೆಂದು ಭರಮು ಶೇವಂತಾಳಿಗೆ ಆದೇಶ ಕೊಟ್ಟಿದ್ದ. ಆದರೆ ಶನಿವಾರ ಮುದುಕಿ ಗಂಜಿಯನ್ನೂ ಮುಟ್ಟಲಿಲ್ಲ. ಹುಡುಗರ ಮುಖ ನೋಡಲಾಗಲಿಲ್ಲ. ಕೊನೆಗೆ ಅವನೇ ಸಡಿಲಿಸಿದ. ಶನಿವಾರ ಮಧ್ಯಾಹ್ನದ ಮೇಲೆ ಸರ್ಕಾರ ಕೆಲಸ ಮಾಡುವುದಿಲ್ಲ ಎಂಬುದು ಸರ್ಕಾರದೊಳಗೇ ತಲೆ ನರೆಸಿಕೊಂಡ ಅವನ ಅನುಭವ. ತಾನು ಮಾಡದ್ದನ್ನು ಇನ್ನೊಬ್ಬ ಮಾಡಿಯಾನೆಂದು ಅವನಿಗೆ ಹೊಳೆಯಲಿಲ್ಲ.

ಕೇಕು ಅರ್ಧ ಬೆಂದು ವಾಸನೆ ಬಾಗಿಲಾಚೆ ಹೋಗುವ ಹೊತ್ತಿಗೆ ಹೊರಗೆ ಮೋಟಾರ್ ಸೈಕಲ್ ಬಂದು ನಿಂತಿತು.

ವಿಚಾರಣೆಗೆ ಬಂದವನು ದಪ್ಪ ಕನ್ನಡಕದ, ದಣಿದ, ಒಳ್ಳೆಯ ಮನುಷ್ಯ. ಬಿಸಿಲಲ್ಲಿ ಬಂದು ತೊಂದರೆ ಕೊಟ್ಟೆನೆಂದು ತಾನೇ ಬೇಸರಪಟ್ಟ. ತಂಬಿಗೆ ಎತ್ತಿ ನೀರು ಕುಡಿದ. ಮೂಗರಳಿಸಿದ.

“ಘಮಾ ಘಮಾ ಅನ್ನಾಕತ್ತೈತಲ್ರಿ. ಏನ ವಿಶೇಷ?”

“ಸಣ್ಣ ಮಗಳ ವಾಢದಿವಸರಿ,” ಎಂದ ಭರಮು. ಹುಟ್ಟುಹಬ್ಬವನ್ನು ಮರಾಠಿಯಲ್ಲಿ ಹೇಳಿದರೆ ಇನ್ನೂ ಸಹಜವಾಗಿ ಕಾಣುತ್ತದೆಂದು ಅವನ ಎಣಿಕೆ. “ನಾಳೆ ಐತ್ರಿ. ಹುಡುಗ್ರು ಇಂದ ಹಟಾ ಹಿಡದಾವು.”

ಅಧಿಕಾರಿ ಕೋಮಲಳನ್ನು ಕರೆದ. ಕೈಯೆಲ್ಲ ಮೈದಾ ಮಾಡಿಕೊಂಡು ಬಂದು ನಿಂತಳು. ಎಷ್ಟು ತುಂಬುತ್ತವೆ ಎಂದು ಕೇಳಿದ. ಹನ್ನೊಂದು ತುಂಬಿ ನಾಳೆಗೆ ಹನ್ನೆರಡು ಹತ್ತುತ್ತವೆ ಎಂದಳು, ಕಣ್ಣು ಮಿಟುಕಿಸದೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವಂತೆ. ಭರಮುವಿಗೆ ಮಗಳ ಮೇಲೆ ಹೆಮ್ಮೆಯೆನಿಸಿತು.

ಸಿದರಾಯನನ್ನು ಕರೆಸಿದ್ದಾಯಿತು. ಅವನು ಸೆಗಣಿಯ ಕೈ ಒರೆಸಿಕೊಳ್ಳುತ್ತ ಬಂದು, ಇವರೂ ನಮ್ಮಂತೆಯೇ, ಹುಡುಗಿಯ ಹುಟ್ಟುಹಬ್ಬ ಮಾತ್ರ ಸ್ವಲ್ಪ ಜೋರಾಗಿ ಮಾಡುತ್ತಾರೆ ಎಂದು ಸಾಕ್ಷಿ ಹೇಳಿ ಹೋದ. ಉಜ್ವಲಾ ಅವ್ವನ ದೊಡ್ಡ ಕುಂಕುಮ ಹಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅಧಿಕಾರಿ ಅವಳನ್ನೂ ಕೇಳಿದ, ಬರೆದುಕೊಂಡ. ಕೊನೆಗೆ ಹಿರಿಯರನ್ನೊಮ್ಮೆ ಮಾತಾಡಿಸಿಬಿಡುತ್ತೇನೆ ಎಂದು ಹೊಳೆವ್ವನ ಮಂಚದ ಬಳಿ ಹೋದ.

ಮನೆದೇವರು ಯಾವುದೆಂದು ಕೇಳಿದ. ಚಿಂಚಲಿ ಮಾಯಕ್ಕ ಎಂದಳು. ಅಧಿಕಾರಿ ಪೆನ್ನು ಮುಚ್ಚಿದ, ಮತ್ತೆ ತೆರೆದ. ಕೇಳಲು ಅವನಿಗೇ ನಾಚಿಕೆಯಿತ್ತು.

“ಕೇಳಬೇಕಾಗ್ತೈತಿ ಅಜ್ಜೀ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮಿರಜದಾಗ ಇದ್ರಂತ. ಅಲ್ಲಿ ಯೇಸುಗ ಏನರ ನಡಕೊಂಡಿದ್ರೇನು?”

ಇದಕ್ಕೆ ಭರಮು ಉತ್ತರ ಕಲಿಸಿರಲಿಲ್ಲ. ಇದಕ್ಕೆ ಅರ್ಧ ನಿಜದ ಉತ್ತರ ಇರಲೂ ಇಲ್ಲ. ಹೊಳೆವ್ವ ಗೋಡೆಗೊರಗಿದ ಉಜ್ವಲಾಳನ್ನು ನೋಡಿದಳು.

“ಆಂವ ಯಾರೋ ಏನೋ,” ಎಂದಳು. “ನನಗ ಗೊತ್ತಿಲ್ರಿ ಆ ಮನಶ್ಯಾ.”

ಅಧಿಕಾರಿ ಬರೆದುಕೊಂಡು ಎದ್ದ. ಹೊರಗೆ ಚಹಾ ಕುಡಿಯುತ್ತ ಹಗುರಾಗಿ, ಕೇಕು ಆಗಿದ್ದರೆ ಒಂದು ತುಂಡು ಕೊಡಿ, ಮಗುವನ್ನು ಹರಸಿಯೇ ಹೋಗುತ್ತೇನೆ ಎಂದ. ಭರಮುವಿಗೆ ಕೇಕಿನ ಮೇಲಿನ ಕ್ರೂಸು ನೆನಪಾಯಿತು. ಅಡುಗೆಮನೆಗೆ ಓಡಿದ.

ಕುಕ್ಕರಿನ ಮುಚ್ಚಳ ತೆಗೆದಿತ್ತು. ಕೋಮಲ ಚಮಚ ಹಿಡಿದು ನಿಂತಿದ್ದಳು. ಟೂಟಿಫ್ರೂಟಿಯ ಕೆಂಪು ಚೂರುಗಳನ್ನೆಲ್ಲ ಹಸಿಹಿಟ್ಟಿನ ಸಮೇತ ಕೆರೆದು ಬಟ್ಟಲಿಗೆ ಹಾಕಿದ್ದಳು. ಬೇಯುವ ನಡುವೆ ಗಾಳಿ ತಗುಲಿದ ಕೇಕು ಮಧ್ಯಕ್ಕೆ ಕುಸಿದು ಗುಂಡಿಯಾಗಿತ್ತು. ಕ್ರೂಸು ಕೆರೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಇನ್ನಾ ಅರ್ಧಾ ಬೆಂದೈತಿ ಅಂತ ಹೇಳ್ರಿ ಪಪ್ಪಾ,” ಎಂದಳು. “ಅವರಿಗಿ ಬಿಸ್ಕಿಟ್ ಕೊಟ್ಟ ಕಳಸ್ರಿ.”

ದನಿ ಅವನದೇ, ಕಚೇರಿಯದು.

ಭಾನುವಾರ ಇನ್ನೂ ಕತ್ತಲಿರುವಾಗಲೇ ಭರಮುವಿಗೆ ಎಚ್ಚರವಾಯಿತು. ಮೈ ಹಗುರಾಗಿತ್ತು. ಗಂಡಾಂತರ ಕಳೆದಿತ್ತು. ಇಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯರು ಉದಾರವಾಗಿರಬೇಕೆಂದು, ಕೈಕೆಳಗಿನವರಿಗೆ ರಜೆ ಮಂಜೂರು ಮಾಡುವವನ ಹಾಗೆ, ಈ ಸಲ ತಾಯಿಯ ಹಬ್ಬವನ್ನು ತಾನೇ ನಡೆಸಿಕೊಡುವುದೆಂದು ತೀರ್ಮಾನಿಸಿದ. ಮಕ್ಕಳನ್ನು ಎಬ್ಬಿಸಿ ಮಂಚದ ಸುತ್ತ ಕೂರಿಸಿದ. ಮೇಣದಬತ್ತಿ ಹಚ್ಚಿದ. ಹೊಳೆವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ.

ಅವಳು ಹೇಳಲೆಂದು ಕಾದ. ಹೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಅವನೇ, ಗಂಟಲು ಸರಿಮಾಡಿಕೊಂಡು, ‘ಯೇಸು ಎದ್ದಾನ’ ಎಂದ. ಕೋಮಲ ಮತ್ತು ವಿಕ್ರಾಂತ ಖರೇನ ಎದ್ದಾನ ಎಂದವು. ಹೊಳೆವ್ವ ತಿರುಗಲಿಲ್ಲ.

“ಪೇತ್ರಗ ಹುಂಜಾದ್ರೂ ಕೂಗಿ ಎಚ್ಚರ ಮಾಡ್ತು,” ಎಂದಳು ಗೋಡೆಗೆ. “ನನಗ ಅದೂ ಕೂಗಲಿಲ್ಲ ನೋಡು.”

ಅದು ಬರೀ ಕೆಲಸದ ಮಾತು, ಮನಸ್ಸಿನ ಮಾತಲ್ಲ ಎಂದು ಭರಮು ಸಮಜಾಯಿಷಿ ಶುರು ಮಾಡಿದ. ಅಷ್ಟರಲ್ಲಿ ಉಜ್ವಲಾ ಮಂಚದ ಕಾಲ ಬಳಿ ಕುಸಿದು ಅಳತೊಡಗಿದಳು. ತನಗೆ ಆ ನೌಕರಿ ಬೇಡ, ಸೋಮವಾರವೇ ಹೋಗಿ ಬರೆದುಕೊಟ್ಟು ಬರುತ್ತೇನೆ ಎಂದಳು. ಆಗ ಮಾತ್ರ ಮುದುಕಿ ಹೊರಳಿದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

“ಸುಮ್ಕಿರು. ಕೊಡೂದು ಕೊಟ್ಟಾಗೇತಿ. ಈಗ ನೀ ಬ್ಯಾಡ ಅಂದ್ರ ನಾ ಅಂದದ್ದು ದಂಡಕ್ಕ ಹೋತು.”

ಭರಮು ಮೇಣದಬತ್ತಿ ಆರಿಸಿ ಎದ್ದ. ಶೇವಂತಾ ಕುಸಿದ ಕೇಕನ್ನು ಕೊಯ್ದು ತಟ್ಟೆಗಳಿಗೆ ಹಾಕಿದಳು. ಮಕ್ಕಳು ಓಣಿಗೆ ಹಂಚಿ ಬಂದವು. ಸಿದರಾಯ ತಟ್ಟೆ ತೆಗೆದುಕೊಂಡು ಕೋಮಲಳ ತಲೆ ಸವರಿದ, ಅಷ್ಟೇ. ಹೊಳೆವ್ವ ತನ್ನ ಪಾಲು ಮುಟ್ಟಲಿಲ್ಲ. ಸಂಜೆ ಸೊಸೆಯನ್ನು ಒಂದು ಮಾತು ಕೇಳಿದಳು, ಎಲ್ಲರೂ ಹುಡುಗಿಯನ್ನು ಹರಸಿದರೇನು ಎಂದು.

ಶಾಲೆಗಳು ತೆರೆಯುವ ಹೊತ್ತಿಗೆ ಆದೇಶ ಬಂತು. ಅಥಣಿಯಾಚೆಯ ಒಂದು ಹಳ್ಳಿ. ಭರಮು ಕಚೇರಿಯಲ್ಲಿ ಪೇಡೆ ಹಂಚಿ ಸಣ್ಣ ಭಾಷಣ ಮಾಡಿದ. ಪ್ರಾಮಾಣಿಕ ಪ್ರಯತ್ನದ ಬಗ್ಗೆ ಮಾತಾಡಿದನೆಂದು ಕೇಳಿದವರು ಹೇಳಿದರು. ಮನೆಯಲ್ಲಿ ಹೊಳೆವ್ವ ಕೊಟ್ಟ ಗುಳಿಗೆ ನುಂಗುತ್ತಿದ್ದಳು, ಕೊಟ್ಟದ್ದು ಉಣ್ಣುತ್ತಿದ್ದಳು. ವಿಕ್ರಾಂತ ಕತೆ ಹೇಳೆಂದು ಮಂಚ ಹತ್ತಿದರೆ, ಮರೆತಿದ್ದೇನೆ ಮಗಾ ಎನ್ನುತ್ತಿದ್ದಳು. ಅವಳು ಯಾವುದನ್ನೂ ಮರೆತಿರಲಿಲ್ಲ. ಕಪಾಟಿನ ಬಾಗಿಲು ತೆರೆದಿದ್ದರೆ ಅದನ್ನು ಹಾಕು ಎನ್ನುತ್ತಿದ್ದಳು.

ಪಾಸ್ಟರ್ ಸಂಜಯ ವಿಮೆಯ ಚೀಲ ಹಿಡಿದು ಬಂದ. ಹೊಳೆವ್ವ ಅವನನ್ನು ನಿಜವಾದ ಏಜೆಂಟನನ್ನು ಉಪಚರಿಸುವಂತೆ ಉಪಚರಿಸಿದಳು: ಕೂಡ್ರಿ, ಚಹಾ ಕುಡಿಯಿರಿ, ನಮಗೇನೂ ಬೇಡ. ಅವನು ಹಟ ಬಿಡದೆ ಕೆಳಗೆ ಕೂತು ಮೆಲ್ಲಗೆ ಸಮಾಧಾನ ಹೇಳಿದ. ಪೇತ್ರನಿಗೂ ಕ್ಷಮೆ ಸಿಕ್ಕಿತು, ಮುಂದೆ ಸಭೆಗೇ ಅವನು ಹಿರಿಯನಾದ, ಒಂದು ಸಲ ಕಣ್ಣೀರು ಹಾಕಿ ಕೇಳಿಕೊಂಡರೆ ಸಾಕು ಎಂದ. ಬಾಗಿಲಲ್ಲಿ ನಿಂತ ಭರಮುವಿಗೆ ಇದು ಬಹಳ ಅನುಕೂಲಕರ ನಿಯಮವೆಂದು ಕಂಡಿತು. ತಾಯಿ ಒಪ್ಪಿದರೆ ಅಂದೇ ಎಲ್ಲ ಇತ್ಯರ್ಥವಾಗುತ್ತಿತ್ತು.

“ಆಂವ ಹೆದರಿ ಅಂದ, ಅಂದು ಅತ್ತ,” ಎಂದಳು ಹೊಳೆವ್ವ. “ನಾ ತಿಳದ ಅಂದೀನ್ರಿ. ಹುಡುಗಿ ಅಲ್ಲೇ ನಿಂತಿದ್ಳು. ಇನ್ನೊಮ್ಮೆ ಕೇಳಿದ್ರೂ ಅದನ್ನ ಅಂತೀನಿ. ಮತ್ತ ಯಾವ ಬಾಯಿಲೆ ಮಾಫಿ ಕೇಳ್ಲಿ?”

ಸಂಜಯ ಚಹಾ ಬದಿಗಿಟ್ಟ. ಪ್ರಾರ್ಥನೆ ಮಾಡಲೇ ಎಂದು ಕೇಳಿದ. ಅವಳು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು.

ಗಣಪತಿ ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ, ಶೇವಂತಾ ಮುಖ ತೊಳೆಸಲು ನೀರು ತರುವಷ್ಟರಲ್ಲಿ, ಹೊಳೆವ್ವ ಹೋಗಿದ್ದಳು. ಹಿಂದಿನ ವಾರ ಭರಮು ಮಣ್ಣು ಎಲ್ಲಿ, ಹೇಗೆ ಎಂದು ಹಿಂಜರಿಯುತ್ತಲೇ ಕೇಳಿದ್ದ. ನೀವು ಎಲ್ಲಿ ಒಯ್ದರೆ ಅಲ್ಲಿ ಎಂದಿದ್ದಳು. ಊರಾಚೆ, ಕಬ್ಬಿನ ಗದ್ದೆಗಳ ಅಂಚಿನ ಸುಡುಗಾಡಿನಲ್ಲಿ, ಗಂಡ ಮಾಳೇಶನ ಪಕ್ಕ ಗುಂಡಿ ತೋಡಿದರು.

ಓಣಿಯವರೆಲ್ಲ ಬಂದಿದ್ದರು. ಅಥಣಿಯ ಬಸ್ಸಿಳಿದು ಉಜ್ವಲಾ ನೇರ ಅಲ್ಲಿಗೇ ಬಂದಳು. ಜಾಲಿಮುಳ್ಳಿನ ಬೇಲಿಯ ಬಳಿ ಸಂಜಯ ನಿಂತಿದ್ದ. ಅಂದು ಚೀಲ ತಂದಿರಲಿಲ್ಲ. ಹೆಣ ಇಳಿಸಿದ ಮೇಲೆ ಜನ ಕೈಯಲ್ಲಿ ಮಣ್ಣು ಹಿಡಿದು ಕಾದರು. ಏನನ್ನೋ ಯಾರೋ ಹೇಳಬೇಕಿತ್ತು, ಏನೆಂದು ಯಾರಿಗೂ ತಿಳಿಯಲಿಲ್ಲ. ಅವ್ವನದು ಯಾವ ಪದ್ಧತಿ ಎಂದು ಸಿದರಾಯ ಮೆಲ್ಲಗೆ ಭರಮುವನ್ನು ಕೇಳಿದ. ಅವನ ದನಿಯಲ್ಲಿ ಅಂದು ಚೇಷ್ಟೆ ಇರಲಿಲ್ಲ. ಏನು ಹೇಳಿದರೂ ಮಾಡುವವನಂತೆ ನಿಂತಿದ್ದ. ಸಂಜಯ ಎರಡು ಹೆಜ್ಜೆ ಮುಂದೆ ಬಂದ.

“ಒಂದ ಮಾತ ಪ್ರಾರ್ಥನಾ ಮಾಡ್ಲೇನ್ರಿ ಸಾಹೇಬ್ರ?”

ಭರಮು ಯಾರಿಗೆ ಹೆದರಬೇಕೋ ಅಂಥವರು ಅಲ್ಲಿ ಒಬ್ಬರೂ ಇರಲಿಲ್ಲ. ಉಜ್ವಲಾಳ ಸಂಬಳ ಶುರುವಾಗಿತ್ತು. ವಿಚಾರಣೆಯ ಕಾಗದ ಮುಚ್ಚಿಯಾಗಿತ್ತು. ಬಂದ ಜನಕ್ಕೆಲ್ಲ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೂ ವರ್ಷ ವರ್ಷ ಕೇಕು ತಿಂದವರೇ ಎಲ್ಲ. ಭರಮು ತಲೆಯಾಡಿಸಿದ್ದರೆ ಸಾಕಿತ್ತು. ಅವನು ತಾಯಿಯನ್ನು ನೋಡಿದ, ಮಕ್ಕಳನ್ನು ನೋಡಿದ, ದೂರದ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಮೋಟಾರ್ ಸೈಕಲ್ಲನ್ನು ಅದು ಕಾಣದಾಗುವವರೆಗೂ ನೋಡಿದ.

“ಆಮ್ಯಾಲ ನೋಡೂಣ್ರಿ,” ಎಂದ.

ಸಂಜಯ ಹಿಂದೆ ಸರಿದ. ಸಿದರಾಯ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಹಾಕಿದರು.